ಬಿಗಿಗೈ ಅರಬಾಳ ಗೆಡ್ಡೆ ಫೋನು

ನಮ್ಮ ಮೊರೀ ಊರಿನಲ್ಲಿ ಪುಸ್ತಕದ ಹುಚ್ಚು ಯಾರಿಗೆ ಅಂತ ಕೇಳಿದರೆ ಎಲ್ಲರೂ ಶಾಲೆ ಕಡೆ ಕೈ ತೋರಿಸುತ್ತಾರೆ. ಸುಳ್ಳು. ಈ ಊರಿನ ಹೆಂಗಸರ ಕೈಲಿ ಪುಸ್ತಕ ಓದಿಸಿದವಳು ನನ್ನ ಪಕ್ಕದ ಗೂಡಂಗಡಿಯ ಅರಬಾ ತಾವಿಯಾ. ಜಡೆ ಹೆಣೆಯುವವಳು. ಆರನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವಳು. ಅದೂ ಎಂಥದರಲ್ಲಿ ಓದಿಸಿದಳು ಅಂತೀರಿ? ಗೆಡ್ಡೆ ಫೋನಿನಲ್ಲಿ!

ಗುಂಡಿ ಒತ್ತುವ ದಪ್ಪ ಫೋನಿಗೆ ನಮ್ಮ ಘಾನಾದಲ್ಲಿ ಹಾಗೇ ಅನ್ನೋದು. ಕೈಯಲ್ಲಿ ಹಿಡಿದರೆ ಹೊಲದಿಂದ ಅಗೆದು ತಂದ ಗೆಡ್ಡೆ ಹಿಡಿದ ಹಾಗೆ. ಉಜ್ಜುವ ಫೋನು ಇಟ್ಟುಕೊಂಡ ಹುಡುಗಿಯರು ಅರಬಾಳದ್ದನ್ನು ನೋಡಿ, 'ಆಂಟಿ, ಇದನ್ನ ಬೇಯಿಸಿಕೊಂಡು ತಿನ್ನಿ' ಅಂತ ನಗುತ್ತಿದ್ದರು. ಕರೆಂಟು ಎರಡು ದಿನ ಹೋದಾಗ ಅವರ ಫೋನೆಲ್ಲ ಸತ್ತು ಬಿದ್ದಿರುತ್ತಿದ್ದವು. ಅರಬಾಳದ್ದು ನಾಲ್ಕನೇ ದಿನಕ್ಕೂ ಕಣ್ಣು ಬಿಟ್ಟುಕೊಂಡಿರುತ್ತಿತ್ತು.

ನಾನು ಮಾನ್ಸಾ, ದರ್ಜಿ ಹೆಂಗಸು. ನನ್ನ ಅಂಗಡಿಗೂ ಅವಳ ಅಂಗಡಿಗೂ ನಡುವೆ ಇರೋದು ಒಂದು ಹಲಗೆ. ಆ ಹಲಗೆಯ ಆಚೆ ಬೆಳಗಿನಿಂದ ಸಂಜೆವರೆಗೆ ಒಬ್ಬಳಲ್ಲ ಒಬ್ಬಳು ಗಟ್ಟಿಯಾಗಿ ಓದುತ್ತಿದ್ದಳು ಅಂದರೆ ನನಗೆ ಹೇಗಾಗಬೇಕು? ಮೊದಮೊದಲು ಮೈ ಉರಿಯುತ್ತಿತ್ತು. ಹೊಲಿಗೆ ಮಿಷನ್ನನ್ನು ಬೇಕಂತಲೇ ಜೋರಾಗಿ ತುಳಿಯುತ್ತಿದ್ದೆ.

ಅವಳ ಅಂಗಡಿಯ ಕಟ್ಟಳೆ ಹಾಗಿತ್ತು. ಸಣ್ಣ ಜಡೆ ಹಾಕಿಸಿಕೊಳ್ಳೋದು ಅಂದರೆ ಆರು ಗಂಟೆ ಕೆಲಸ. ಚೌರಿ ಸೇರಿಸಿ ಹೆಣೆಯುವವಳಿಗೆ ಎರಡೂ ಕೈ ಬಿಡುವಿಲ್ಲ. ಕೂತವಳ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತೆ. ಹೆಣಿಸಿಕೊಳ್ಳೋದಕ್ಕೂ ತಲೆ ತಗ್ಗಿಸಬೇಕು, ಫೋನು ನೋಡೋದಕ್ಕೂ ತಲೆ ತಗ್ಗಿಸಬೇಕು. ಹಾಗಾಗಿ ಕುರ್ಚಿಯಲ್ಲಿ ಕೂತವಳು ಓದಬೇಕು, ಇಂಗ್ಲಿಷಿನಲ್ಲಿ ಓದಿ ನಮ್ಮ ಫಾಂಟಿ ಮಾತಿನಲ್ಲಿ ಬಿಡಿಸಿ ಹೇಳಬೇಕು. 'ಊರ ಸುದ್ದಿ ನನ್ನ ಕುರ್ಚೀಲಿ ಬೇಡಮ್ಮ, ಕಥೆ ಇದ್ರೆ ಓದು' ಅನ್ನೋಳು. ಓದಲು ಬಾರದವಳ ಪಕ್ಕಕ್ಕೆ ಸರದಿ ಕಾಯುತ್ತಿದ್ದ ಇನ್ನೊಬ್ಬಳನ್ನು ಕೂರಿಸೋಳು.

ಊರ ಸುದ್ದಿ ಯಾಕೆ ಬೇಡ ಅನ್ನುತ್ತಿದ್ದಳು ಅನ್ನೋದು ನನಗೆ ಗೊತ್ತಿತ್ತು. ಊರ ಬಾಯಿ ಅವಳನ್ನು ಹಸಿಹಸಿಯಾಗಿ ತಿಂದಿತ್ತು.

ಹನ್ನೊಂದು ವರ್ಷದ ಹಿಂದಿನ ಮಾತು. ಅರಬಾಳ ತಂಗಿ ಎಕುವಾ ಚೊಚ್ಚಲ ಬಸುರಿ. ಹೆರಿಗೆಗೆ ಮುಂಚೆ ಜಡೆ ಹಾಕಿಸಿಕೊಳ್ಳೋದು ನಮ್ಮಲ್ಲಿ ವಾಡಿಕೆ. ಮಗು ಎತ್ತಿಕೊಂಡ ಮೇಲೆ ತಲೆ ಬಾಚಲು ಯಾರಿಗೆ ಪುರುಸೊತ್ತು? ಅಕ್ಕನ ಕುರ್ಚಿಯಲ್ಲಿ ಕೂತಳು. ನಡುವೆ 'ಅಕ್ಕಾ, ತಲೆ ಸಿಡೀತಿದೆ' ಅಂದಳು. ಹೊಸ ಜಡೆ ಹಾಕಿಸಿಕೊಂಡ ಯಾವ ಹೆಂಗಸಿಗೆ ತಲೆ ನೋಯೋದಿಲ್ಲ ಹೇಳಿ? ಅರಬಾ ಅಂದಳಂತೆ, 'ಜಡೆ ನೋವು ಕಣೇ. ಎರಡು ದಿನ ಬಿಸಿನೀರು ಹಾಕ್ಕೋ, ಹೋಗುತ್ತೆ.' ಮಾರನೇ ದಿನ ಎಕುವಾಗೆ ಫಿಟ್ಸ್ ಬಂತು. ಸಂಜೆಯೊಳಗೆ ತಾಯಿ ಮಗು ಇಬ್ಬರೂ ಹೋದರು.

ಮಣ್ಣು ಮಾಡಿದ ದಿನವೇ ಮಾತು ಹುಟ್ಟಿತು. ಅರಬಾಳದ್ದು ಬಿಗಿ ಕೈ. ಅಷ್ಟು ಬಿಗಿಯಾಗಿ ಎಳೆದು ಹೆಣೆದರೆ ತಲೆಯೊಳಗಿನ ನರ ಸುಮ್ಮನಿರುತ್ತಾ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಒಂದು ವಾರದಲ್ಲಿ ಊರಿಗೆಲ್ಲ ಅವಳು ಬಿಗಿಗೈ ಅರಬಾ ಆದಳು. ಅವಳು ಯಾರಿಗೂ ಒಂದು ಮಾತು ಎದುರಾಡಲಿಲ್ಲ. ಬಸುರಿ ಹೆಂಗಸು ಅಂಗಡಿ ಮೆಟ್ಟಿಲು ಹತ್ತಿದರೆ ಮಾತ್ರ, 'ನಿನಗೆ ಹಾಕಲ್ಲ ತಾಯಿ, ಬೇರೆ ಕಡೆ ಹೋಗು' ಅನ್ನೋಳು. ಹನ್ನೊಂದು ವರ್ಷ ಒಬ್ಬ ಬಸುರಿಯ ಕೂದಲನ್ನೂ ಮುಟ್ಟಲಿಲ್ಲ.

ಫೋನಿನೊಳಗೆ ಪುಸ್ತಕ ತುಂಬಿಕೊಟ್ಟವರು ದೊರೋಥಿಯಾ ಟೀಚರು. ಅವರೂ ಜಡೆಗೆ ಬರುವವರೇ. ಈ ಗೆಡ್ಡೆಯೊಳಗೂ ಪುಸ್ತಕ ಬರುತ್ತೆ, ದುಡ್ಡು ಕೊಡಬೇಕಿಲ್ಲ, ಒಂದೊಂದೇ ಪುಟ ಇಳಿಯುತ್ತೆ ಅಂತ ಯಾವುದೋ ಗುಂಡಿ ಒತ್ತಿ ತೋರಿಸಿದರು. ಪುಟ ಅಂದರೆ ಏಳು ಸಾಲು. ಆರನೇ ಅಂಕಿಯ ಗುಂಡಿ ಒತ್ತಿದರೆ ಮುಂದಿನ ಏಳು ಸಾಲು. ಹೀಗೆ ಒತ್ತೀ ಒತ್ತೀ ಆ ಗುಂಡಿಯ ಮೇಲಿನ ಅಂಕಿಯೇ ಅಳಿಸಿಹೋಯಿತು.

ಎಷ್ಟು ಕಥೆ ಓದಿಸಿದಳು ಮಾರಾಯರೇ! ಇಬ್ಬರು ಹೆಂಡಿರ ಕಾಟದ ಕಥೆ, ರಾಜನ ಮನೆಯ ಕಥೆ, ಲಾಗೋಸಿನ ಕಳ್ಳರ ಕಥೆ. ಕಥೆಯಲ್ಲಿ ಯಾರದೋ ಗಂಡ ಮನೆ ಬಿಟ್ಟು ಹೋಗುವ ಹೊತ್ತಿಗೆ ಸರಿಯಾಗಿ ಕುರ್ಚಿಯವಳ ಜಡೆ ಮುಗಿಯೋದು. ಮುಂದೇನಾಯ್ತು ಅಂತ ನಾನು ಹಲಗೆಗೆ ಕಿವಿ ಹಚ್ಚಿ ಸಾಯಬೇಕು. ಒಂದು ದಿನ ತಡೆಯಲಾರದೆ ಕೂಗಿದೆ, 'ಏ ಅರಬಾ, ಆ ಮುಂಡೇಗಂಡ ವಾಪಸ್ ಬಂದ್ನಾ ಇಲ್ವಾ?'

'ನಿನ್ನ ಮಿಷನ್ ಸದ್ದು ನಿಲ್ಸು, ಹೇಳ್ತೀನಿ' ಅಂದಳು.

ಅವತ್ತಿನಿಂದ ಓದುವ ಹೊತ್ತಿಗೆ ನಾನು ಕೈಹೊಲಿಗೆಯ ಕೆಲಸ ಮಾತ್ರ ಇಟ್ಟುಕೊಂಡೆ. ಗುಂಡಿ ಹಚ್ಚೋದು, ಅಂಚು ಮಡಿಸೋದು, ಅಂಥದ್ದು.

ಒಂದು ಶುಕ್ರವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ಕೂತಿದ್ದಳು. ಕಥೆ ಬೇಜಾರು ಅಂತ ಅವಳು ಬಸುರಿ ಬಾಣಂತಿಯರಿಗೆ ಬರೆದ ಒಂದು ಪುಸ್ತಕ ತೆಗೆದಳು. ಅವಳಿಗೂ ಮದುವೆ ಗೊತ್ತಾಗಿತ್ತು. ಏನು ತಿನ್ನಬೇಕು, ಎಷ್ಟು ಮಲಗಬೇಕು ಅಂತ ಓದುತ್ತಾ ಹೋದಳು. ಆಮೇಲೆ ಓದಿದಳು: ಕಡಿಮೆಯಾಗದ ತಲೆನೋವು, ಕಣ್ಣ ಮುಂದೆ ಚುಕ್ಕೆ ಹಾರಾಡುವುದು, ಮುಖ ಕೈ ಊದುವುದು, ಇಷ್ಟು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು, ರಕ್ತದ ಒತ್ತಡ ಏರಿರುತ್ತೆ, ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ.

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಹಲಗೆಯ ಹತ್ತಿರ ಹೋದೆ. ಬಗ್ಗಿ ನೋಡಿದೆ. ಅರಬಾಳ ಬೆರಳು ಜಡೆಯ ನಡುವೆ ಹಾಗೇ ನಿಂತುಬಿಟ್ಟಿತ್ತು.

'ಇನ್ನೊಂದ್ಸಲ ಓದು' ಅಂದಳು. ಓದಿದಳು. 'ಇನ್ನೊಂದ್ಸಲ.' ನಾಲ್ಕು ಸಲ ಓದಿಸಿದಳು. ಆ ಹುಡುಗಿ ಏನೂ ತಿಳಿಯದೆ ನನ್ನ ಮುಖ ನೋಡಿದಳು. ನಾನು ಸೂಜಿಗೆ ದಾರ ಪೋಣಿಸತೊಡಗಿದೆ.

ಶನಿವಾರ, ಭಾನುವಾರ ಎರಡೂ ದಿನ ಅರಬಾ ಅಂಗಡಿ ತೆರೆಯಲಿಲ್ಲ. ಮನೆ ಜಗಲಿಯ ಮೇಲೆ ಕೂತು, ಆರನೇ ಕ್ಲಾಸಿನ ಓದನ್ನು ಕೆದಕಿ ಕೆದಕಿ ಎತ್ತಿ, ಒಂದೊಂದೇ ಅಕ್ಷರ ಕೂಡಿಸಿ ಆ ಪುಟಗಳನ್ನು ತಾನೇ ಓದಿದಳು. ತಿಳಿಯದ ಮಾತು ಸಿಕ್ಕರೆ ಚರ್ಚಿನಿಂದ ಬರುತ್ತಿದ್ದವರನ್ನೆಲ್ಲ ನಿಲ್ಲಿಸಿ ಕೇಳಿದಳು. ಸೋಮವಾರ ಬಂದವಳೇ ನನಗಂದಳು, 'ಮಾನ್ಸಾ, ಇನ್ಮೇಲೆ ಬಸುರಿಯರಿಗೂ ಜಡೆ ಹಾಕ್ತೀನಿ.'

'ತಲೆ ಕೆಟ್ಟಿದ್ಯಾ? ಯಾರು ಬರ್ತಾರೆ ನಿನ್ನ ಹತ್ರ?'

'ಬಂದವರಿಗೆ ಹಾಕ್ತೀನಿ. ಬೇರೆಯವರು ಜಡೆ ಮಾತ್ರ ಹಾಕ್ತಾರೆ. ನಾನು ಜಡೇನೂ ಹಾಕ್ತೀನಿ, ಆ ಪುಟಾನೂ ಓದಿಸ್ತೀನಿ.'

ಎರಡು ತಿಂಗಳು ಒಬ್ಬಳೂ ಬರಲಿಲ್ಲ. ಆಮೇಲೆ ಬಂದಳು ಬೆನೆಡಿಕ್ಟಾ. ಪಕ್ಕದೂರಿನಿಂದ ಮದುವೆಯಾಗಿ ಬಂದ ಹುಡುಗಿ, ಎಂಟು ತಿಂಗಳ ಬಸುರಿ. ಜೊತೆಗೆ ಅವಳ ಅತ್ತೆ, ಮೀನು ಹೊಗೆಯಾಡಿಸಿ ಮಾರುವ ಎಸ್ಸುಮನ್ ಅಮ್ಮ. ಉಳಿದ ಜಡೆಯವರೆಲ್ಲ ಶನಿವಾರದ ಒಂದು ದೊಡ್ಡ ಸಾವಿನ ಕಾರ್ಯಕ್ಕೆ ಹೋಗುವವರ ತಲೆಗಳನ್ನು ಒಪ್ಪಿಕೊಂಡು ಕೂತಿದ್ದರು. ಇಲ್ಲದಿದ್ದರೆ ಆ ಹೆಂಗಸು ಇಲ್ಲಿಗೆ ಸೊಸೆಯನ್ನು ಕರೆತರುವವಳೇ ಅಲ್ಲ.

'ಸಡಿಲವಾಗಿ ಹಾಕಮ್ಮ ಅರಬಾ' ಅಂದಳು ಕೂರುವ ಮೊದಲೇ. 'ನಿನ್ನ ಕೈ ವಿಷಯ ನನಗೇನು ಗೊತ್ತಿಲ್ವಾ?'

ಅರಬಾ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಬಾಚಣಿಗೆ ಎತ್ತಿಕೊಂಡು, ಫೋನನ್ನು ಹುಡುಗಿಯ ಕೈಗೆ ಕೊಟ್ಟಳು. ಹುಡುಗಿಗೆ ಮೊದಲು ಕಥೆ ಬೇಕಂತೆ. ಸರಿ, ಕಥೆಯೇ ಆಗಲಿ ಅಂದಳು. ಅವತ್ತು ಮಂಗಳವಾರ, ನಮ್ಮಲ್ಲಿ ಕಡಲಿಗೆ ಬಿಡುವು ಕೊಡುವ ದಿನ, ಮೀನಿಗೆ ಹೋಗಬಾರದು ಅಂತ ಒಂದು ದೋಣಿಯೂ ಇಳಿದಿರಲಿಲ್ಲ. ಗಂಡಸರೆಲ್ಲ ಬೀದಿಯ ಉದ್ದಕ್ಕೂ ಬಲೆ ಹರಡಿಕೊಂಡು ಹೊಲಿಯುತ್ತಾ ಕೂತಿದ್ದರು. ನಾನು ಬಾಗಿಲಲ್ಲಿ ಕೂತು ಗುಂಡಿ ಹಚ್ಚುತ್ತಾ ಕೇಳುತ್ತಿದ್ದೆ. ಹುಡುಗಿಯ ಓದು ಮೊದಲು ನೀರು ಹರಿದ ಹಾಗೆ ಇತ್ತು. ಆಮೇಲೆ ತಡವರಿಸಿತು. ಒಂದೇ ಸಾಲನ್ನು ಎರಡು ಸಲ ಓದಿದಳು. ಆಗಾಗ ಫೋನಿನ ಮೇಲೆ ಕೈ ಬೀಸಿ ಏನನ್ನೋ ಓಡಿಸುತ್ತಿದ್ದಳು.

'ಏನೇ ಅದು?' ಅಂತ ಅತ್ತೆ ಕೇಳಿದಳು.

'ನೊಣ ಅತ್ತೆ. ಅಕ್ಷರದ ಮೇಲೇ ಬಂದು ಕೂರ್ತವೆ.'

'ಮೀನಿನ ಊರಲ್ಲಿ ನೊಣ ಇರದೆ ಇನ್ನೇನು ನವಿಲು ಇರುತ್ತಾ? ಓದು ಓದು.'

ನಾನೂ ನಕ್ಕೆ. ಹುಡುಗಿ ಮತ್ತೆ ನಾಲ್ಕು ಸಾಲು ಓದಿ, ಹಣೆ ಒತ್ತಿಕೊಂಡು, 'ಆಂಟಿ, ತಲೆ ತುಂಬಾ ನೋಯ್ತಿದೆ' ಅಂದಳು.

ನನ್ನ ಕೈಯಿಂದ ಸೂಜಿ ಬಿತ್ತು. ಎಸ್ಸುಮನ್ ಅಮ್ಮ ಎದ್ದು ನಿಂತಳು. 'ನೋಡಿದ್ಯಾ? ನೋಡಿದ್ಯಾ? ಸಡಿಲವಾಗಿ ಹಾಕು ಅಂತ ಬಡ್ಕೊಂಡೆ! ಬಿಗಿಗೈ ಅಂತ ಸುಮ್ನೆ ಕರೀತಾರಾ ಜನ?'

ಅರಬಾ ಅವಳ ಕಡೆ ನೋಡಲೂ ಇಲ್ಲ. ಬಗ್ಗಿ ಫೋನನ್ನು ನೋಡಿದಳು. 'ಬೆನೆ, ಈಗ ನೊಣ ಇದೆಯಾ?'

'ಇದೆ ಆಂಟಿ. ಮೂರ್ನಾಲ್ಕು.'

ನಾನೂ ಬಗ್ಗಿ ನೋಡಿದೆ. ದೇವರಾಣೆ ಒಂದು ನೊಣವೂ ಇರಲಿಲ್ಲ.

'ತಲೆ ಎಲ್ಲಿ ನೋಯ್ತಿದೆ?'

'ಹಣೆ, ಕಣ್ಣಿನ ಹಿಂದೆ. ಬೆಳಿಗ್ಗೆ ಎದ್ದಾಗ್ಲಿಂದಾನೂ ಇತ್ತು. ಅತ್ತೆ ಬೈತಾರೆ ಅಂತ ಹೇಳ್ಲಿಲ್ಲ.'

ಅರಬಾ ನೆಲಕ್ಕೆ ಕೂತು ಹುಡುಗಿಯ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಕೆಂಕೆ ಉಂಡೆಗೆ ನಾದಿದ ಜೋಳದ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ ಗುಳಿ ಬಿದ್ದು ಅಲ್ಲೇ ನಿಂತಿತು. ಎದ್ದು ನಿಂತು, ಕೈಯಲ್ಲಿದ್ದ ಚೌರಿಯನ್ನು ಎಸೆದಳು. 'ಎದ್ದೇಳು. ಆಸ್ಪತ್ರೆಗೆ ಹೋಗೋಣ.'

'ಆಸ್ಪತ್ರೆ ಯಾತಕ್ಕೆ? ಜಡೆ ನೋವಿಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ?' ಅಂತ ಎಸ್ಸುಮನ್ ಅಮ್ಮ ಅಡ್ಡ ಬಂದಳು.

'ಅಮ್ಮಾ, ನಾನು ಹೆಣೆದಿರೋದು ಹಿಂದಲೆ ಮಾತ್ರ. ನೋವು ಮುಂದಲೇಲಿದೆ. ಮುಂದಲೆ ಇನ್ನೂ ಮುಟ್ಟೇ ಇಲ್ಲ ನಾನು.'

'ಹಾಗಾದ್ರೆ ಪೂರ್ತಿ ಮುಗ್ಸು, ಆಮೇಲೆ ಹೋಗೋಣ. ಅರ್ಧ ಜಡೆ, ಅರ್ಧ ಕೆದರಿದ ತಲೇಲಿ ನನ್ನ ಸೊಸೆ ಬೀದೀಲಿ ಹೋಗ್ಬೇಕಾ? ಹುಚ್ಚಿ ಅಂತಾರೆ! ಊರ ಗಂಡಸರೆಲ್ಲ ಬಲೆ ಹಾಕ್ಕೊಂಡು ಬೀದೀಲೇ ಕೂತಿದಾರೆ ಇವತ್ತು.'

ಆ ಹೆಂಗಸು ಕೆಟ್ಟವಳಲ್ಲ, ಅದನ್ನೂ ಹೇಳಬೇಕು. ನಮ್ಮಲ್ಲಿ ಅರ್ಧ ಜಡೆಯಲ್ಲಿ ಹೊರಗೆ ಬರೋದು ಅರ್ಧ ಬಟ್ಟೆಯಲ್ಲಿ ಬಂದ ಹಾಗೆ. ನಾನಾಗಿದ್ದರೂ ಅದನ್ನೇ ಅನ್ನುತ್ತಿದ್ದೆ. ಮುಗಿಸಲು ಇನ್ನೂ ಮೂರು ಗಂಟೆ ಬೇಕಿತ್ತು. ಅರಬಾ ಏನು ಮಾಡುತ್ತಾಳೆ ಅಂತ ನಾನು ನೋಡಿದೆ. ಅವಳ ಎಣಿಕೆ ತಪ್ಪಾದರೆ? ಬಿಗಿಗೈ ಅರಬಾ ಇನ್ನೊಬ್ಬ ಬಸುರಿಯ ತಲೆ ಕೆಡಿಸಿ ಅರ್ಧಕ್ಕೇ ಬೀದಿಗೆ ಅಟ್ಟಿದಳು ಅಂತಾರೆ. ಆಮೇಲೆ ಆ ಗೂಡಂಗಡಿಗೆ ಒಂದು ನಾಯಿಯೂ ಬರೋದಿಲ್ಲ. ಸುಮ್ಮನೆ ಕೂತು ಹೆಣೆದರೆ?

'ಅಮ್ಮಾ' ಅಂದಳು ಅರಬಾ. ಅವಳ ದನಿ ಅಷ್ಟು ಗಟ್ಟಿಯಾಗಿದ್ದು ನಾನು ಕೇಳಿದ್ದೇ ಅವತ್ತು. 'ಹನ್ನೊಂದು ವರ್ಷದ ಹಿಂದೆ ಇದೇ ಕುರ್ಚೀಲಿ ಒಬ್ಳಿಗೆ ನಾನು ಪೂರ್ತಿ ಜಡೆ ಮುಗಿಸಿ ಕಳಿಸ್ದೆ. ಅವಳನ್ನ ಆ ಜಡೇಲೇ ಪೆಟ್ಟಿಗೇಲಿ ಮಲಗಿಸಿದ್ರು. ನಿಮ್ಮ ಸೊಸೆ ಅರ್ಧ ತಲೇಲಿ ಹೋಗ್ಲಿ. ಜೀವ ಇದ್ರೆ ಉಳಿದರ್ಧ ಹಾಕ್ತೀನಿ.'

ಎಸ್ಸುಮನ್ ಅಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಒಳಗೆ ಓಡಿ, ಯಾರದೋ ಮದುವೆಗೆ ಹೊಲಿಯಲು ಕೊಟ್ಟಿದ್ದ ಹೊಸ ಬಟ್ಟೆಯನ್ನು ಎಳೆದು ತಂದು ಹುಡುಗಿಯ ತಲೆಗೆ ಸುತ್ತಿದೆ. ಆಮೇಲೆ ಬೀದಿಗೆ ಬಂದು ಅರಚಿದೆ. ನನ್ನ ಬಾಯಿಯಿಂದ ಊರಿಗೆ ಉಪಯೋಗ ಆಗಿದ್ದು ಅವತ್ತೇ ಇರಬೇಕು. 'ಎತ್ರೋ ಬಲೆ! ದಾರಿ ಬಿಡ್ರೋ! ಏ ಟ್ಯಾಕ್ಸಿ, ಆ ಕೆಂಕೆ ಆಮೇಲೆ ತಿನ್ನು, ಗಾಡಿ ತೆಗಿ!' ಗಂಡಸರು ಬೈದುಕೊಂಡೇ ಬಲೆ ಎತ್ತಿ ಹಿಡಿದರು. ನಾಲ್ಕು ಹೆಂಗಸರು ಒಂದು ಟ್ಯಾಕ್ಸಿಯಲ್ಲಿ ತುರುಕಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅರಬಾ ಹುಡುಗಿಯ ಕೈ ಹಿಡಿದು, 'ಮಾತಾಡ್ತಾ ಇರು ಬೆನೆ, ಕಣ್ಣು ಮುಚ್ಚಬೇಡ' ಅನ್ನುತ್ತಲೇ ಇದ್ದಳು.

ಬಾಗಿಲಲ್ಲೇ ಒಬ್ಬ ದಪ್ಪ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಹುಡುಗಿಯನ್ನು ಗಾಲಿಮಂಚದ ಮೇಲೆ ಮಲಗಿಸಿ ಎಳೆದುಕೊಂಡು ಓಡಿದಳು. ನಾವು ಹಿಂದೆ ಹೋದರೆ ಬಾಗಿಲು ಮುಚ್ಚಿದರು.

ಬೆಂಚಿನ ಮೇಲೆ ಕೂತೆವು. ಎಸ್ಸುಮನ್ ಅಮ್ಮ ಮೊದಲು ಪ್ರಾರ್ಥನೆ ಮಾಡಿದಳು, ಆಮೇಲೆ ಅತ್ತಳು. ಅರಬಾ ಕೈ ಎರಡನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದಳು. ಬಿಸಿಲು ಗೋಡೆಯಿಂದ ಇಳಿದು ಅಂಗಳ ದಾಟಿತು.

ನರ್ಸಮ್ಮ ಹೊರಗೆ ಬಂದಾಗ ಬೆವರಿನಲ್ಲಿ ತೊಯ್ದುಹೋಗಿದ್ದಳು. 'ಆಪರೇಷನ್ ಆಯ್ತು. ಹೆಣ್ಣು ಮಗು. ಸಣ್ಣದು, ಆದ್ರೆ ಗಂಟಲು ಜೋರಾಗಿದೆ. ತಾಯಿಗೆ ಒಳಗೆ ಬಂದ ಮೇಲೆ ಒಂದು ಸಲ ಫಿಟ್ಸ್ ಬಂತು. ಇಲ್ಲೇ ಇದ್ಲಲ್ಲ, ಇಂಜೆಕ್ಷನ್ ಕೊಟ್ಟು ನಿಲ್ಲಿಸಿದ್ವಿ. ಉಳ್ಕೋತಾಳೆ. ತಲೇಲಿ ಅರ್ಧ ಜಡೆ ಇದೆಯಲ್ಲ, ಅರ್ಧಕ್ಕೇ ಎಬ್ಬಿಸಿ ಕರ್ಕೊಂಡು ಬಂದವರು ಯಾರು?'

ಎಸ್ಸುಮನ್ ಅಮ್ಮ ನೆಲಕ್ಕೆ ಕುಸಿದು ಅರಬಾಳ ಕಾಲು ತಬ್ಬಿಕೊಂಡಳು. ಅರಬಾ ಅವಳನ್ನು ಎತ್ತಿ ಕೂರಿಸಿ, ನರ್ಸಮ್ಮನ ಹತ್ತಿರ ಹೋದಳು.

'ಸಿಸ್ಟರ್, ಒಂದು ಕೇಳ್ಲಾ? ಜಡೆ ಬಿಗಿಯಾದ್ರೆ ಹೀಗಾಗುತ್ತಾ?'

'ಎಷ್ಟೇ ಬಿಗಿಯಾದ್ರೂ ಆಗಲ್ಲ ಕಣಮ್ಮ. ಜಡೆಗೂ ಇದಕ್ಕೂ ಸಂಬಂಧಾನೇ ಇಲ್ಲ.'

'ನನ್ನ ತಂಗಿಗೂ ಹೀಗೇ ಆಗಿತ್ತು. ತಲೆನೋವು ಅಂದ್ಲು. ನಾನು ಮನೆಗೆ ಕಳಿಸ್ದೆ. ಅವತ್ತೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ?'

ನರ್ಸಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅರಬಾಳ ಭುಜದ ಮೇಲೆ ಕೈ ಇಟ್ಟು, 'ಬದುಕಿರಬಹುದಿತ್ತು' ಅಂದಳು.

ಅರಬಾ ತಲೆಯಾಡಿಸಿದಳು. ಬಂದು ನನ್ನ ಪಕ್ಕ ಕೂತಳು. ನನ್ನ ಎದೆಯೊಳಗೆ ಹನ್ನೊಂದು ವರ್ಷದಿಂದ ಕೊಳೆಯುತ್ತಿದ್ದದ್ದು ಅಲ್ಲಿ ಬಾಯಿಗೆ ಬಂತು. ಇನ್ನು ನುಂಗಿಕೊಳ್ಳಲು ಆಗಲಿಲ್ಲ.

'ಅರಬಾ, ಎಕುವಾನ ಮಣ್ಣು ಮಾಡಿದ ದಿನ, ಬಿಗಿ ಕೈ ಅನ್ನೋ ಮಾತು ಮೊದಲು ಯಾರ ಬಾಯಿಂದ ಬಂತು ಗೊತ್ತಾ?'

'ಗೊತ್ತು' ಅಂದಳು. 'ನಿನ್ನ ಬಾಯಿಂದ. ನೀರಿನ ಡ್ರಮ್ಮಿನ ಹತ್ರ ನಿಂತು ಹೇಳ್ದೆ. ನಾನು ಬಾಗಿಲ ಹಿಂದೆ ಇದ್ದೆ.'

ನಾನು ಅವಳ ಕಡೆಗೆ ತಿರುಗಿದೆ. 'ಗೊತ್ತಿದ್ದೂ ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತ್ಯಲ್ಲೇ! ನನ್ನ ಜೊತೆ ಊಟ ಮಾಡ್ದೆ, ನನಗೆ ಕಥೆ ಕೇಳಿಸ್ದೆ. ಒಂದು ದಿನ ನನ್ನ ಜುಟ್ಟು ಹಿಡಿದು ಕೇಳಬಾರದಿತ್ತಾ?'

'ಹೆಂಗೆ ಕೇಳ್ಲಿ ಮಾನ್ಸಾ?' ಅಂದಳು ಅರಬಾ. 'ನಾನೂ ಅದನ್ನೇ ನಂಬಿದ್ನಲ್ಲ.'

ನಾನು ಆ ಬೆಂಚಿನ ಮೇಲೆ, ಬಂದು ಹೋಗುವವರೆಲ್ಲರ ಎದುರು, ಗೊಳೋ ಅಂತ ಅತ್ತುಬಿಟ್ಟೆ.